ಸತ್ತ ಇಲಿ ಎಣಿಸಬೇಡಿ, ಬಿಲ ಎಣಿಸಿ

ಈ ವಾರ ಭತ್ತದ ಗದ್ದೆಯ ಇಲಿ ಹತೋಟಿ ಬಗ್ಗೆ ಬರೀತಿದ್ದೀನಿ. ಆದರೆ ಈ ಪಾಠ ನಾನು ಕಲಿತದ್ದು ನಮ್ಮ ಮಂಡ್ಯದ ಗದ್ದೆಯಲ್ಲಲ್ಲ, ಅಮೆರಿಕದ ಆರೆಗಾನ್ ರಾಜ್ಯದ ಒಂದು ರ‍್ಯಾಂಚ್‌ನಲ್ಲಿ.

ಕೆಲಸದ ಮೇಲೆ ಅಲ್ಲಿದ್ದಾಗ, ಒಂದು ಏಪ್ರಿಲ್‌ನಲ್ಲಿ ಆಫೀಸಿನ ಮೂವರು ಗೆಳೆಯರು ಬರ್ನ್ಸ್ ಊರಿನ ಕಡೆ 'ಸೇಜ್ ರ‍್ಯಾಟ್' ಹೊಡೆಯೋಕೆ ಹೊರಟರು. ನಾನೂ ಜೊತೆಗೆ ಹೋದೆ. ಬಂದೂಕು ಅವರದು, ನೋಟ್‌ಬುಕ್ ನನ್ನದು. ಎಷ್ಟು ಬಿತ್ತು ಅಂತ ಲೆಕ್ಕ ಬರೆಯೋದಷ್ಟೇ ನನ್ನ ಕೆಲಸ.

ಏನಿದು ಸೇಜ್ ರ‍್ಯಾಟ್?

ಹೆಸರಲ್ಲಿ ರ‍್ಯಾಟ್ ಇದ್ದರೂ ಇದು ಇಲಿ ಅಲ್ಲ. ನೆಲದಲ್ಲಿ ಬಿಲ ತೋಡುವ ಒಂದು ಜಾತಿಯ ಅಳಿಲು. ಪುಸ್ತಕದ ಹೆಸರು ಬೆಲ್ಡಿಂಗ್ಸ್ ಗ್ರೌಂಡ್ ಸ್ಕ್ವಿರಲ್. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಬಿಲದೊಳಗೇ ನಿದ್ದೆ. ಚಳಿಗಾಲ ಮುಗಿಯುವಾಗ ಮೊದಲು ಗಂಡು ಹೊರಗೆ ಬರುತ್ತವೆ, ಆಮೇಲೆ ಹೆಣ್ಣು. ಬಂದ ಕೆಲವೇ ದಿನಗಳಲ್ಲಿ ಹೆಣ್ಣು ಗಬ್ಬವಾಗುತ್ತದೆ. ವರ್ಷಕ್ಕೆ ಒಂದೇ ಸೂಲು.

ಅಲ್ಲಿನ ರೈತರ ಮುಖ್ಯ ಬೆಳೆ ಲೂಸರ್ನ್, ಅಂದರೆ ನಮ್ಮ ಕುದುರೆ ಮೆಂತೆ. ದನಕ್ಕೆ ಒಣಹುಲ್ಲು ಮಾಡೋದು ಇದರಿಂದಲೇ. ಅಳಿಲು ಚಿಗುರು ತಿಂದು ಹಾಕುತ್ತದೆ. ಬಿಲದ ಬಾಯಿಯ ಮಣ್ಣುಗುಡ್ಡೆಗೆ ತಗುಲಿ ಕಟಾವು ಯಂತ್ರದ ಬ್ಲೇಡ್ ಹಾಳಾಗುತ್ತದೆ. ಹಾಗಾಗಿ ವಸಂತದಲ್ಲಿ ಹೊಡೆಯೋರು ಬಂದರೆ ರೈತರು ಬೇಡ ಅನ್ನೋದು ಕಡಿಮೆ. ಕೆಲವರು ದಿನಕ್ಕಿಷ್ಟು ಅಂತ ದುಡ್ಡನ್ನೂ ತಗೋತಾರೆ.

ಎರಡು ದಿನದ ಲೆಕ್ಕ

ಹೊಲದ ಅಂಚಲ್ಲಿ ಮೇಜು ಹಾಕಿ, ಕಿವಿ ಮುಚ್ಚಿಕೊಂಡು, ಹಿಂದೆ ಮಣ್ಣಿನ ದಿಬ್ಬ ಇರೋ ದಿಕ್ಕಿಗೆ ಮಾತ್ರ ಗುಂಡು. ಎರಡನೇ ದಿನ ಸಂಜೆ ನನ್ನ ನೋಟ್‌ಬುಕ್ಕಿನಲ್ಲಿ 260 ಗೆರೆ. ಗೆಳೆಯರಿಗೆ ಭಾರೀ ಖುಷಿ. ರ‍್ಯಾಂಚ್‌ನ ಯಜಮಾನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಲೆಕ್ಕ ನೋಡಿ ನಕ್ಕರು.

"ನೀವು ಸತ್ತಿದ್ದನ್ನ ಎಣಿಸ್ತೀರಿ, ನಾನು ಬಿಲ ಎಣಿಸ್ತೀನಿ. ಬಿಲದೊಳಗೆ ಈಗ ಮರಿಗಳಿವೆ. ಇನ್ನೊಂದು ತಿಂಗಳಿಗೆ ಅವು ಹೊರಗೆ ಬಂದಾಗ ನಿಮ್ಮ ಲೆಕ್ಕ ಎಲ್ಲಿರುತ್ತೆ?"

ಆಮೇಲೆ ಅವರು ಹೇಳಿದ್ದು ಮೂರು ಮಾತು. ಒಂದು, ವಿಷದ ಕಾಳು ಇಡೋದಿದ್ದರೆ ಹಸಿರು ಚಿಗುರುವ ಮೊದಲೇ ಇಡಬೇಕು. ಹೊಟ್ಟೆ ತುಂಬ ಚಿಗುರು ಸಿಗುವಾಗ ಕಾಳನ್ನು ಮೂಸಿಯೂ ನೋಡಲ್ಲ. ಎರಡು, ಪಕ್ಕದವರು ಸುಮ್ಮನಿದ್ದರೆ ಖಾಲಿಯಾದ ಬಿಲಕ್ಕೆ ಅವರ ಹೊಲದ ಅಳಿಲು ಬಂದು ಸೇರುತ್ತದೆ. ಮೂರು, ನಮ್ಮ ಕೆಲಸ ಮಾಡಿಕೊಡೋ ಹದ್ದು ಗಿಡುಗಕ್ಕೆ ತೊಂದರೆ ಆಗಬಾರದು. ಸತ್ತ ಅಳಿಲು ತಿನ್ನೋಕೆ ಹಕ್ಕಿಗಳು ಇಳಿಯುತ್ತವೆ, ಗುಂಡಿನ ಸೀಸದ ಚೂರು ಅವುಗಳ ಹೊಟ್ಟೆ ಸೇರುತ್ತದೆ. ಅದಕ್ಕೇ ಅವರು ತಾಮ್ರದ ಗುಂಡು ತಂದವರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಪಕ್ಕದ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ.

ನಾನು ಮಾಡಿದ್ದ ತಪ್ಪು

ಆ ಮೂರೂ ಮಾತು ನನಗೆ ಚುಚ್ಚಿದವು. ಹಿಂದಿನ ಮುಂಗಾರಿನಲ್ಲಿ ಅಪ್ಪ ಫೋನ್ ಮಾಡಿ, ಹಾಲು ತುಂಬೋ ಹೊತ್ತಲ್ಲಿ ಇಲಿ ತೆಂಡೆ ಕಡೀತಿವೆ ಅಂದಿದ್ದರು. "ವಿಷ ಇಡಿ" ಅಂತ ನಾನೇ ಹೇಳಿದ್ದೆ. ಇಲಿ ವಿಷ ಮುಟ್ಟಲಿಲ್ಲ, ಪಕ್ಕದಲ್ಲೇ ಹಾಲುಗಾಳು ಇತ್ತಲ್ಲ. ಬದುವಿನ ಮೇಲೆ ಇಟ್ಟಿದ್ದನ್ನು ತಿಂದು ನಮ್ಮ ನಾಯಿ ಕರಿಯ ಸತ್ತ. ರ‍್ಯಾಂಚ್‌ನಿಂದ ವಾಪಸ್ ಬಂದು ಫೋನ್ ಮಾಡಿದಾಗ ಅಪ್ಪ ಅಂದಿದ್ದು ಇಷ್ಟೇ: "ನಾನೊಬ್ನೇ ಮಡುಗುದ್ರೆ ಪಕ್ಕದ ಗದ್ದೇವು ನಮ್ಮಲ್ಲಿಗೇ ಬತ್ತವೆ ಕಣ್ಲಾ. ಊರೋರ್ನೆಲ್ಲ ಸೇರುಸ್ಬೇಕು."

ಆ ಸಲ ನಾಟಿಗೆ ಮುಂಚೆಯೇ ಅದೇ ಕಾಲುವೆ ಬಯಲಿನ ಒಂಬತ್ತು ಮನೆಯವರು ಸೇರಿ ಕೆಲಸ ಮಾಡಿದರು. ಇಲಿ ಪೂರ್ತಿ ಹೋಗಲಿಲ್ಲ. ಆದರೆ ತೆನೆ ಬಂದಾಗ ಗದ್ದೆ ನಡುವೆ ಬೋಳು ಮಚ್ಚೆ ಬೀಳಲಿಲ್ಲ.

ನೀವು ಮಾಡಬೇಕಾದ್ದು

ಸಮಯ: ಬೇಸಿಗೆಯಲ್ಲಿ ಗದ್ದೆ ಖಾಲಿ ಇದ್ದಾಗ, ಇಲ್ಲವೇ ನಾಟಿಯಾಗಿ ತೆಂಡೆ ಒಡೆಯುವವರೆಗೆ. ತೆನೆ ಬಂದ ಮೇಲೆ ತಡವಾಯಿತು ಅಂತಲೇ ಲೆಕ್ಕ.

1. ಮೊದಲ ದಿನ ಸಂಜೆ ಬದುವಿನ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ. ಮಾರನೇ ಬೆಳಿಗ್ಗೆ ತೆರೆದುಕೊಂಡವು ಮಾತ್ರ ಇಲಿ ಇರುವ ಬಿಲ. ಎಣಿಸಿ, ಫೋಟೋ ತೆಗೆದು ಬಯಲಿನ ವಾಟ್ಸಾಪ್ ಗುಂಪಿಗೆ ಹಾಕಿ.

2. ಆ ಬಿಲಗಳಿಗೆ ಎರಡು ದಿನ ವಿಷವಿಲ್ಲದ ನುಚ್ಚು ಇಡಿ: 98 ಭಾಗ ನುಚ್ಚು, 2 ಭಾಗ ಅಡುಗೆ ಎಣ್ಣೆ. ಇಲಿಗೆ ಅನುಮಾನ ಜಾಸ್ತಿ, ರುಚಿ ಹತ್ತಬೇಕು.

3. ಆಮೇಲೆ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್. ಕೈಗವಸು ಹಾಕಿ ಕೋಲಿನಿಂದ ಕಲಸಿ. 10 ಗ್ರಾಂನಷ್ಟು ಕಾಗದದ ಪೊಟ್ಟಣ ಕಟ್ಟಿ ಬಿಲದ ಒಳಗೆ ತಳ್ಳಿ. ಬದುವಿನ ಮೇಲೆ ಖಂಡಿತ ಇಡಬೇಡಿ.

4. ನಾಯಿ, ಕೋಳಿ, ದನ ಕಟ್ಟಿಹಾಕಿ. ಸತ್ತ ಇಲಿಗಳನ್ನು ಕೈಗವಸು ಹಾಕಿಯೇ ಎತ್ತಿ ಆಳವಾಗಿ ಹೂಳಿ. ಇಲಿ ಜ್ವರದ ಭಯವೂ ಇದೆ, ಗೂಬೆ ಗಿಡುಗದ ಜೀವವೂ ಮುಖ್ಯ.

5. ಮತ್ತೆ ಎಲ್ಲ ಬಿಲ ಮುಚ್ಚಿ, ಎಣಿಸಿ. ಇನ್ನೂ ತೆರೆಯುವ ಬಿಲಕ್ಕೆ ಜಿಂಕ್ ಫಾಸ್ಫೈಡ್ ಮತ್ತೆ ಬೇಡ, ಇಲಿ ಹುಷಾರಾಗಿರುತ್ತದೆ. ಶೇ. 0.005ರ ಬ್ರೋಮೋಡಿಯೋಲೋನ್ ಬಿಲ್ಲೆ ಇಡಿ.

ಒಂದು ಎಚ್ಚರಿಕೆ: ಜಿಂಕ್ ಫಾಸ್ಫೈಡ್‌ಗೆ ಮದ್ದಿಲ್ಲ. ಯಾರಾದರೂ ಅಪ್ಪಿತಪ್ಪಿ ನುಂಗಿದರೆ ಮನೆಮದ್ದು ಮಾಡುತ್ತಾ ಕೂರದೆ, ಪ್ಯಾಕೆಟ್ ಸಮೇತ ತಕ್ಷಣ ಆಸ್ಪತ್ರೆಗೆ ಓಡಿ.

ವಿಷಕ್ಕಿಂತ ಮುಂಚೆ ಒಂದು ಖರ್ಚಿಲ್ಲದ ಕೆಲಸ: ಬದು ಸಣ್ಣದು ಮಾಡಿ, ಮೇಲಿನ ಕಳೆ ಕೀಳಿ. ಒಂದಡಿಗಿಂತ ಕಿರಿದಾದ ಬದುವಿನಲ್ಲಿ ಇಲಿ ಸಂಸಾರ ಹೂಡೋದು ಕಷ್ಟ. ಗೂಬೆ ಕೂರಲು ಅಲ್ಲಲ್ಲಿ ಎರಡು ಕೋಲಿನ ಅಡ್ಡಪಟ್ಟಿ ನೆಡಿ.

ಈ ಭಾನುವಾರ ಒಂದು ಕೆಲಸ ಮಾಡಿ. ಪಕ್ಕದ ಗದ್ದೆಯ ಅಣ್ಣನನ್ನು ಕರ್ಕೊಂಡು ಬದು ಸುತ್ತಿ, ಎರಡೂ ಗದ್ದೆಯ ಬಿಲ ಎಣಿಸಿ ಫೋನಲ್ಲಿ ಬರೆದಿಟ್ಟುಕೊಳ್ಳಿ. ಹತೋಟಿ ಶುರುವಾಗೋದು ಆ ಸಂಖ್ಯೆಯಿಂದಲೇ.