ಇಂದಿನ ಧಮ್ಮ ಚಿಂತನೆ: ರೋಗಿಯ ಐದು ಗುಣಗಳು

ಇಂದಿನ ಚಿಂತನೆ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ. ಗಂಡಸರು "ಇದು ನಮಗಲ್ಲ" ಎಂದು ಮುಂದಿನ ಮೆಸೇಜಿಗೆ ಹೋಗಬೇಡಿ. ಕೊನೆಯಲ್ಲಿ ನಿಮಗೂ ಪಾಠ ಇದೆ.

ಅಂಗುತ್ತರ ನಿಕಾಯದ ಪಂಚಕ ನಿಪಾತದಲ್ಲಿಯೂ ವಿನಯದ ಮಹಾವಗ್ಗದಲ್ಲಿಯೂ ಬುದ್ಧರು ರೋಗಿಗಳ ಬಗ್ಗೆ ಒಂದು ಮಾತು ಹೇಳಿದ್ದಾರೆ. ಆರೈಕೆ ಮಾಡಲು ಕಷ್ಟವಾಗುವ ರೋಗಿ ಯಾರು, ಸುಲಭವಾಗುವ ರೋಗಿ ಯಾರು ಎಂಬುದು ಅದರ ವಿಷಯ. ಸುಲಭವಾಗುವ ರೋಗಿಗೆ ಐದು ಗುಣಗಳಿರುತ್ತವೆ. ತನಗೆ ಹಿತವಾದದ್ದನ್ನು ಮಾಡುವುದು ಒಂದು. ಹಿತವಾದದ್ದರಲ್ಲೂ ಮಿತಿ ಅರಿಯುವುದು ಎರಡು. ಔಷಧಿ ಸೇವಿಸುವುದು ಮೂರು. ಕಾಯಿಲೆ ಹೆಚ್ಚಾಗಿದೆಯೋ, ಕಡಿಮೆಯಾಗಿದೆಯೋ, ಹಾಗೇ ಇದೆಯೋ ಎಂಬುದನ್ನು ಆರೈಕೆ ಮಾಡುವವರಿಗೆ ಮುಚ್ಚಿಡದೆ ಹೇಳುವುದು ನಾಲ್ಕು. ನೋವನ್ನು ತಾಳಿಕೊಳ್ಳುವುದು ಐದು.

ಇಲ್ಲಿ ಹರಕೆ ಇಲ್ಲ, ತಾಯತ ಇಲ್ಲ, ಹೋಮ ಇಲ್ಲ. ಬುದ್ಧರು ಒಬ್ಬ ಅನುಭವಸ್ಥ ನರ್ಸಮ್ಮನ ಹಾಗೆ ಮಾತಾಡುತ್ತಾರೆ. ಗರ್ಭಕೋಶದಲ್ಲಿ ಏನೋ ತೊಂದರೆ ಇದೆ ಎಂಬ ಭಯ ಬಂದಾಗ ಈ ಐದು ಗುಣಗಳು ನಮ್ಮ ಹೆಣ್ಣುಮಕ್ಕಳಿಗೆ ಹೇಗೆ ಕೆಲಸಕ್ಕೆ ಬರುತ್ತವೆ ಎಂದು ನೋಡೋಣ. ಕ್ರಮವನ್ನು ಸ್ವಲ್ಪ ಬದಲಿಸಿ ನಾಲ್ಕನೆಯದರಿಂದ ಶುರು ಮಾಡುತ್ತೇನೆ. ಏಕೆಂದರೆ ನಮ್ಮವರಲ್ಲಿ ಹೆಚ್ಚಿನವರು ಅಲ್ಲೇ ನಿಂತುಬಿಡುತ್ತಾರೆ.

*ಮುಚ್ಚಿಡದೆ ಹೇಳುವುದು*

ಕನ್ನಡದಲ್ಲಿ 'ಮುಟ್ಟು' ಎಂಬ ಪದಕ್ಕೆ ಸ್ಪರ್ಶ ಎಂಬ ಅರ್ಥವೂ ಇದೆ, ತಿಂಗಳ ಸ್ರಾವ ಎಂಬ ಅರ್ಥವೂ ಇದೆ. 'ಮುಟ್ಟಬೇಡ' ಎಂಬ ಮಾತನ್ನು ತಲೆತಲಾಂತರದಿಂದ ಕೇಳಿಸಿಕೊಂಡ ಜನ ನಾವು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಆ ಮಾತನ್ನು ಹಿಂದೆ ಬಿಟ್ಟು ಧಮ್ಮಕ್ಕೆ ಬಂದರು. ಹೀಗಿದ್ದೂ ನಮ್ಮ ಕೆಲವು ಮನೆಗಳಲ್ಲಿ ಮುಟ್ಟಾದ ಮಗಳು ಇಂದಿಗೂ ಬುದ್ಧವಂದನೆಗೆ ಕೂರುವುದಿಲ್ಲ. ಸ್ರಾವ ಹೆಚ್ಚಾದರೆ ತಾಯಿ ಬಾಯಿ ಬಿಡುವುದಿಲ್ಲ. ಮೈಲಿಗೆಯನ್ನು ಊರಿನವರ ವಿಷಯದಲ್ಲಿ ಒಪ್ಪದ ನಾವು ಮನೆಯ ಹೆಣ್ಣಿನ ವಿಷಯದಲ್ಲಿ ಒಪ್ಪಿಕೊಂಡರೆ ದೀಕ್ಷೆ ಅರ್ಧಕ್ಕೆ ನಿಂತ ಹಾಗೆ.

ಆದ್ದರಿಂದ ಇವುಗಳಲ್ಲಿ ಯಾವುದಿದ್ದರೂ ಹೇಳಿ, ಡಾಕ್ಟರಿಗೆ ತೋರಿಸಿ: ಏಳು ದಿನಕ್ಕಿಂತ ಹೆಚ್ಚು ಸ್ರಾವ, ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ಸ್ರಾವ, ಎರಡು ಮುಟ್ಟಿನ ನಡುವೆ ಅಥವಾ ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಾಣುವುದು, ಕೆಟ್ಟ ವಾಸನೆಯ ಬಿಳಿಸೆರಗು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು. ಇವುಗಳಿಗೆ ಬಹಳ ಸಲ ಕಾರಣ ಕ್ಯಾನ್ಸರ್ ಆಗಿರುವುದಿಲ್ಲ. ಗಡ್ಡೆ, ಸೋಂಕು, ಹಾರ್ಮೋನಿನ ಏರುಪೇರು ಇರಬಹುದು. ಯಾವುದೆಂದು ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಶುರುವಾದ ದಿನ, ನಿಂತ ದಿನ, ಎಷ್ಟು ಪ್ಯಾಡ್ ಎಂದು ಗುರುತು ಹಾಕಿಕೊಳ್ಳಿ. ಡಾಕ್ಟರ್ ಕೇಳಿದಾಗ "ಸುಮಾರು ದಿನದಿಂದ ಹಿಂಗೇ ಇದೆ" ಎನ್ನುವುದಕ್ಕಿಂತ ಆ ಕ್ಯಾಲೆಂಡರ್ ಹೆಚ್ಚು ಮಾತಾಡುತ್ತದೆ.

*ಔಷಧಿ ಸೇವಿಸುವುದು*

ಕಾಯಿಲೆ ಬಂದ ಕೂಡಲೇ "ಯಾವ ಜನ್ಮದ ಪಾಪವೋ" ಎನ್ನುವವರು ಇದ್ದಾರೆ. ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ ಮೋಳಿಯಸೀವಕ ಎಂಬ ಪರಿವ್ರಾಜಕ ಇದೇ ಪ್ರಶ್ನೆ ಕೇಳುತ್ತಾನೆ. ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದಲೇ ಎನ್ನುವವರ ಮಾತು ಸರಿಯಲ್ಲ ಎಂದು ಬುದ್ಧರು ಹೇಳುತ್ತಾರೆ. ಪಿತ್ತ, ಕಫ, ವಾತ, ಹವೆಯ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು ಮುಂತಾದ ಕಾರಣಗಳನ್ನು ಎಣಿಸುತ್ತಾರೆ. ಹಿಂದಿನ ಜನ್ಮದ ಕರ್ಮ ಈ ಜನ್ಮಕ್ಕೆ ಬರುತ್ತದೆ ಎಂಬುದನ್ನು ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಒಪ್ಪಲಿಲ್ಲ. ಕಾಯಿಲೆಗೆ ಕಾರಣ ಇದೆ, ಕಾರಣ ಹುಡುಕಿದರೆ ಉಪಾಯವೂ ಸಿಗುತ್ತದೆ. ಇದೇ ಪಟಿಚ್ಚ ಸಮುಪ್ಪಾದ.

ಗರ್ಭಕೊರಳಿನ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಿಗೂ ಕಾರಣ ಎಚ್‌ಪಿವಿ ಎಂಬ ವೈರಸ್ ದೀರ್ಘಕಾಲ ಉಳಿದುಕೊಳ್ಳುವುದು. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟು ಕಾಲ ನಮ್ಮ ಕೈಯಲ್ಲಿ ಇರುತ್ತದೆ. 30 ದಾಟಿದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಬೇಕೆಂದು ಸರ್ಕಾರದ ಕಾರ್ಯಕ್ರಮವೇ ಇದೆ. ವಿಐಎ ಎಂಬ ಪರೀಕ್ಷೆ ಕೆಲವೇ ನಿಮಿಷದ್ದು; ಕೊಯ್ಯುವುದಿಲ್ಲ, ಅರಿವಳಿಕೆ ಬೇಕಿಲ್ಲ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಎಲ್ಲಿ ಯಾವ ದಿನ ಎಂದು ಹೇಳುತ್ತಾರೆ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆಯ ಬಗ್ಗೆಯೂ ವಿಚಾರಿಸಿ.

ಇದರ ಜೊತೆಗೆ ಇನ್ನೊಂದು ಎಚ್ಚರ. "ಮಕ್ಕಳಾಗಿದೆಯಲ್ಲ, ಗರ್ಭಕೋಶ ಯಾಕೆ, ತೆಗೆಸಿಬಿಡಿ" ಎಂಬ ಮಾತು ಬಡ ಹೆಣ್ಣುಮಕ್ಕಳಿಗೆ ಬಹಳ ಸುಲಭವಾಗಿ ಹೇಳಲಾಗುತ್ತದೆ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆ ಈ ಆಪರೇಷನ್ ಮಾಡಿದ್ದಾರೆಂದು 2015ರಲ್ಲಿ ದೊಡ್ಡ ದನಿ ಎದ್ದಿತು. 2023ರಲ್ಲಿ ಸುಪ್ರೀಂ ಕೋರ್ಟು ಇಂಥ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ಧಮ್ಮ 'ಏಹಿಪಸ್ಸಿಕ', ಬಂದು ನೋಡು ಎನ್ನುವಂಥದ್ದು. ಆಸ್ಪತ್ರೆಯಲ್ಲೂ ನೋಡಿ, ಕೇಳಿ: ಕಾಯಿಲೆಯ ಹೆಸರೇನು? ಬಯಾಪ್ಸಿ ಆಯಿತೇ? ಮಾತ್ರೆಯಿಂದ ಸಾಧ್ಯವೇ? ಕಾದರೆ ಏನಾಗುತ್ತದೆ? ಸಮಾಧಾನವಾಗದಿದ್ದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಪಡೆಯಿರಿ. ಆಪರೇಷನ್ ನಿಜವಾಗಿ ಬೇಕೇ ಬೇಕು ಎಂದಾದರೆ ಭಯಪಟ್ಟು ಹಿಂದೆ ಸರಿಯಬೇಡಿ. ಅದೂ ಔಷಧಿಯೇ.

*ಹಿತವಾದದ್ದನ್ನು ಮಾಡುವುದು*

ಕಳೆದ ವರ್ಷ ನನಗೂ ಈ ಪಾಠದ ಅಗತ್ಯ ಬಂತು. ಎರಡು ತಿಂಗಳು ಸ್ರಾವ ನಿಲ್ಲದೆ ಸ್ಕ್ಯಾನಿಂಗ್ ಮಾಡಿಸಿದೆ. ಗರ್ಭಕೋಶದ ಒಳಪದರ ದಪ್ಪವಾಗಿದೆ, ಬಯಾಪ್ಸಿ ಬೇಕು ಎಂದರು. ರಿಪೋರ್ಟಿಗೆ ಹತ್ತು ದಿನ. ಆ ಹತ್ತು ದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಮನಸ್ಸು ಕೇಳುತ್ತಿತ್ತು, "ಕ್ಯಾನ್ಸರೇ ಆಗಿದ್ದರೆ ಈ ವಾಕಿಂಗ್ ಮಾಡಿ ಏನು ಪ್ರಯೋಜನ?" ರಿಪೋರ್ಟು ಬಂತು, ಕ್ಯಾನ್ಸರ್ ಅಲ್ಲ. ಕೆಲವು ತಿಂಗಳು ಮಾತ್ರೆ, ತೂಕ ಇಳಿಸುವುದು, ಆರು ತಿಂಗಳಿಗೆ ಮತ್ತೆ ಪರೀಕ್ಷೆ ಎಂದರು. ಎರಡು ವಾರ ಕಳೆಯುವುದರೊಳಗೆ ಅದೇ ಮನಸ್ಸು ಇನ್ನೊಂದು ಮಾತು ತಂದಿತು, "ಏನೂ ಇಲ್ಲವಲ್ಲ, ಇನ್ನು ಯಾಕೆ ವಾಕಿಂಗ್?"

ಗಮನಿಸಿ ಬಂಧುಗಳೇ. ಕೆಟ್ಟ ಸುದ್ದಿಯ ಭಯವೂ ಒಳ್ಳೆಯ ಸುದ್ದಿಯ ನಿರಾಳವೂ ಒಂದೇ ಸಲಹೆ ಕೊಟ್ಟವು: ಬಿಟ್ಟುಬಿಡು ಎಂದು. ಅಂದರೆ ಅಭ್ಯಾಸವನ್ನು ಭಯದ ಮೇಲೆ ನಿಲ್ಲಿಸಿದರೆ ಭಯ ಹೆಚ್ಚಾದಾಗಲೂ ಬೀಳುತ್ತದೆ, ಕಡಿಮೆಯಾದಾಗಲೂ ಬೀಳುತ್ತದೆ.

ಸಮ್ಯಕ್ ವ್ಯಾಯಾಮಕ್ಕೆ ನಾಲ್ಕು ಅಂಗ ಎಂದು ನಾವು ಓದಿದ್ದೇವೆ: ಹುಟ್ಟದ ಕೆಡುಕನ್ನು ತಡೆಯುವುದು, ಹುಟ್ಟಿದ ಕೆಡುಕನ್ನು ಬಿಡುವುದು, ಹುಟ್ಟದ ಒಳಿತನ್ನು ಹುಟ್ಟಿಸುವುದು, ಹುಟ್ಟಿದ ಒಳಿತನ್ನು ಕಾಪಾಡಿಕೊಳ್ಳುವುದು. ಮೊದಲ ಮೂರನ್ನು ನಾವು ಉತ್ಸಾಹದಿಂದ ಮಾಡುತ್ತೇವೆ. ನಾಲ್ಕನೆಯದಕ್ಕೆ ಚಪ್ಪಾಳೆ ಇಲ್ಲ, ಹೊಸತನ ಇಲ್ಲ. ಆದರೆ ಆರೋಗ್ಯ ಇರುವುದು ಅಲ್ಲೇ. ರಿಪೋರ್ಟು ಹೇಗೇ ಬರಲಿ, ನಡೆದ ಕಾಲಿಗೆ, ಇಳಿದ ರಕ್ತದೊತ್ತಡಕ್ಕೆ, ನಿದ್ದೆ ಬಂದ ರಾತ್ರಿಗೆ ನಷ್ಟವಿಲ್ಲ. ಆಪರೇಷನ್ ಆಗಬೇಕಾದರೂ ಗಟ್ಟಿಯಾದ ದೇಹ ಬೇಗ ಚೇತರಿಸಿಕೊಳ್ಳುತ್ತದೆ.

ಕಾರಣವನ್ನೂ ತಿಳಿದುಕೊಂಡರೆ ಒಳ್ಳೆಯದು. ದೇಹದ ಕೊಬ್ಬಿನಲ್ಲೂ ಈಸ್ಟ್ರೋಜನ್ ಎಂಬ ಹಾರ್ಮೋನು ತಯಾರಾಗುತ್ತದೆ. ಅದು ಹೆಚ್ಚಾದರೆ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗಬಹುದು. ತೂಕ ಇಳಿಸಿ ಎಂದು ಡಾಕ್ಟರ್ ಹೇಳುವುದು ಅಂದ ಚೆಂದಕ್ಕಲ್ಲ. ಆದರೆ ನಡಿಗೆ ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ. ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ಕಾಯಿಲೆ ಬರಬಹುದು. ಬಂದರೆ ಅವರನ್ನು ದೂರಬೇಡಿ, ನಿಮ್ಮನ್ನು ನೀವೂ ದೂರಿಕೊಳ್ಳಬೇಡಿ.

*ಹಿತದಲ್ಲೂ ಮಿತಿ*

ಭಯ ಬಂದ ವಾರ ಕೆಲವರು ಅನ್ನ ಬಿಡುತ್ತಾರೆ, ಯೂಟ್ಯೂಬ್ ನೋಡಿ ಕಷಾಯ ಕುಡಿಯುತ್ತಾರೆ, ಒಂದೇ ದಿನ ಎರಡು ಗಂಟೆ ನಡೆದು ಮರುದಿನ ಮಂಡಿ ಹಿಡಿದುಕೊಂಡು ಕೂರುತ್ತಾರೆ. ಕೋಸಲದ ರಾಜ ಪಸೇನದಿಯ ಕಥೆ ನೆನಪಿಸಿಕೊಳ್ಳಿ. ಒಂದು ದ್ರೋಣ ಅನ್ನ ಉಂಡು ಏದುಸಿರು ಬಿಡುತ್ತಾ ಬಂದ ರಾಜನಿಗೆ ಬುದ್ಧರು ಉಪವಾಸ ಹೇಳಲಿಲ್ಲ. ಮಿತವಾಗಿ ಉಣ್ಣುವವನ ನೋವು ಕಡಿಮೆ ಎಂಬ ಅರ್ಥದ ಒಂದು ಗಾಥೆ ಹೇಳಿದರು. ಸುದಸ್ಸನ ಎಂಬ ಹುಡುಗ ಅದನ್ನು ಕಲಿತು ರಾಜ ಊಟಕ್ಕೆ ಕೂತಾಗಲೆಲ್ಲ ಹೇಳಬೇಕು ಎಂದು ಏರ್ಪಾಡಾಯಿತು. ರಾಜ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಒಂದು ನಾಳಿ ಅನ್ನಕ್ಕೆ ಬಂದು ನಿಂತ, ಮೈ ಹಗುರಾಯಿತು.

ಇದರಲ್ಲಿ ಎರಡು ಪಾಠ ಇವೆ. ನಿಧಾನವಾಗಿ ಇಳಿಸು, ನೆನಪಿಸಲು ಇನ್ನೊಬ್ಬರನ್ನು ಇಟ್ಟುಕೋ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಅದೂ ಕಷ್ಟವಾದ ದಿನ ಹತ್ತು ನಿಮಿಷ ನಡೆಯಿರಿ. ಸ್ರಾವ ಹೆಚ್ಚಿರುವ ದಿನ ವಿಶ್ರಾಂತಿ ತೆಗೆದುಕೊಳ್ಳಿ, ಅದು ಸೋಲಲ್ಲ. ತಟ್ಟೆಯಲ್ಲಿ ಮುದ್ದೆ ಚಿಕ್ಕದಾಗಲಿ, ಸೊಪ್ಪಿನ ಸಾರು, ಕಾಳು ಹೆಚ್ಚಾಗಲಿ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಸ್ರಾವ ಹೆಚ್ಚಿರುವವರಿಗೆ ಇದು ಇನ್ನೂ ಅಪಾಯ. ಊಟದ ಜೊತೆ ಕಾಫಿ ಟೀ ಬೇಡ, ಅದು ಕಬ್ಬಿಣಾಂಶ ಹೀರಿಕೊಳ್ಳಲು ಬಿಡುವುದಿಲ್ಲ. ಸೊಪ್ಪಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ.

*ನೋವನ್ನು ತಾಳಿಕೊಳ್ಳುವುದು*

ಇದನ್ನು ತಪ್ಪಾಗಿ ತಿಳಿಯಬಾರದು. ನಮ್ಮ ತಾಯಂದಿರು ತಾಳಿಕೊಂಡೇ ಬಂದಿದ್ದಾರೆ. ಗದ್ದೆಯಲ್ಲಿ, ಕೂಲಿಯಲ್ಲಿ, ಬಟ್ಟೆ ಬಿಗಿದುಕೊಂಡು ತಾಳಿಕೊಂಡಿದ್ದಾರೆ. ಹೇಳದೆ ಸಹಿಸುವುದನ್ನು ಬುದ್ಧರು ಹೊಗಳಿಲ್ಲ. ಹೇಳುವುದು ನಾಲ್ಕನೆಯ ಗುಣ, ತಾಳಿಕೊಳ್ಳುವುದು ಐದನೆಯದು. ಮೊದಲು ಹೇಳಿ, ಚಿಕಿತ್ಸೆ ಪಡೆದು, ಆಮೇಲೂ ಉಳಿಯುವ ನೋವನ್ನು ತಾಳ್ಮೆಯಿಂದ ನೋಡುವುದು ಖಂತಿ ಪಾರಮಿ.

ಸಲ್ಲ ಸುತ್ತದ ಎರಡು ಬಾಣಗಳನ್ನು ನಾವು ಹೋದ ತಿಂಗಳು ಓದಿದೆವು. ಹೊಟ್ಟೆನೋವು ಮೊದಲ ಬಾಣ. "ನಾನು ಹೋದರೆ ಮಕ್ಕಳ ಗತಿಯೇನು" ಎಂದು ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲಿನಲ್ಲಿ ಹುಡುಕುವುದು ಎರಡನೆಯದು. ಆಗ ಮೊಬೈಲನ್ನು ದೂರ ಇಟ್ಟು ಹತ್ತು ಉಸಿರು ಎಣಿಸಿ. ನಾಳೆ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇದ್ದರೆ ಚೀಟಿಯಲ್ಲಿ ಬರೆದು ಮಲಗಿ.

*ಈಗ ಗಂಡಸರಿಗೆ*

ನಕುಲಪಿತ ಕಾಯಿಲೆ ಬಿದ್ದಾಗ ಹೆಂಡತಿ ನಕುಲಮಾತಾ ಪಕ್ಕದಲ್ಲಿ ಕೂತು, ಚಿಂತೆ ಮಾಡಬೇಡಿ, ನೂಲು ತೆಗೆದು ಸಂಸಾರ ನಡೆಸುತ್ತೇನೆ ಎಂದು ಧೈರ್ಯ ಹೇಳಿದಳು. ಆತ ಚೇತರಿಸಿಕೊಂಡ. ಇಂಥ ಹೆಂಡತಿ ಸಿಕ್ಕಿದ್ದು ನಿನ್ನ ಲಾಭ ಎಂದು ಬುದ್ಧರೂ ಹೇಳಿದರು. ಈಗ ಆ ಜಾಗದಲ್ಲಿ ನೀವು ಕೂತುಕೊಳ್ಳಿ. ಹೆಂಡತಿಯ ಜೊತೆ ಆಸ್ಪತ್ರೆಗೆ ಹೋಗಿ, ಬಾಗಿಲ ಹೊರಗೆ ಬೈಕಿನ ಮೇಲೆ ಕಾಯಬೇಡಿ. ಅವರು ನಡೆಯಲು ಹೋದ ಅರ್ಧ ಗಂಟೆ ಒಲೆಯ ಮುಂದೆ ನೀವು ನಿಲ್ಲಿ. ಸಂಜೆಯ ಬೋಂಡ ಪೊಟ್ಟಣ ಮನೆಗೆ ತರುವುದನ್ನು ಕಡಿಮೆ ಮಾಡಿ.

1928ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬರು ಅದನ್ನು ಬೆಂಬಲಿಸಿ ಮಾತಾಡಿದರು. ಹೆರಿಗೆಯ ಮುಂಚೆಯೂ ನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಎಂಬುದು ಅವರ ವಾದವಾಗಿತ್ತು. ಹೆಣ್ಣಿನ ದೇಹದ ಆರೈಕೆ ಅವರಿಗೆ ಸಭೆಯಲ್ಲಿ ಎದ್ದು ನಿಂತು ಮಾತಾಡುವ ವಿಷಯವಾಗಿತ್ತು. ಅವರ ಫೋಟೋ ಇರುವ ಮನೆಯಲ್ಲಿ ಅದು ಪಿಸುಮಾತಿನ ವಿಷಯ ಆಗಬಾರದು.

*ಇಂದಿನ ಅಭ್ಯಾಸ*

1. 30 ದಾಟಿದ ತಾಯಂದಿರು ಕೊನೆಯ ಪರೀಕ್ಷೆ ಯಾವಾಗ ಆಯಿತು ಎಂದು ನೆನಪಿಸಿಕೊಳ್ಳಿ. ಆಗಿಲ್ಲದಿದ್ದರೆ ಈ ವಾರ ಆಶಾ ಕಾರ್ಯಕರ್ತೆಯನ್ನು ಕೇಳಿ.

2. ನಿಮಗೊಬ್ಬ 'ಸುದಸ್ಸನ'ನನ್ನು ಹುಡುಕಿಕೊಳ್ಳಿ. ಮಗಳು, ಅತ್ತಿಗೆ, ಪಕ್ಕದ ಮನೆಯ ಅಕ್ಕ ಯಾರಾದರೂ ಆಗಬಹುದು. ನಾಳೆ ಬೆಳಿಗ್ಗೆ ಅವರ ಜೊತೆ ಹತ್ತು ನಿಮಿಷ ನಡೆಯಿರಿ.

3. ರಿಪೋರ್ಟಿಗಾಗಿ ಕಾಯುತ್ತಿರುವವರು ಯಾರಾದರೂ ಗೊತ್ತಿದ್ದರೆ ಇಂದು ಒಂದು ಫೋನ್ ಮಾಡಿ. ಸಲಹೆ ಬೇಡ. "ಊಟ ಆಯ್ತಾ, ನಾಳೆ ಜೊತೆಗೆ ಬರಲಾ" ಎಂದು ಕೇಳಿದರೆ ಸಾಕು.

ಭಾನುವಾರದ ಬುದ್ಧವಂದನೆಯ ನಂತರ ಈ ಐದು ಗುಣಗಳ ಬಗ್ಗೆ ಚರ್ಚೆ ಇರುತ್ತದೆ. ಹೆಣ್ಣುಮಕ್ಕಳು ತಮ್ಮ ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿ, ಹೆಸರು ಬೇಡ, ಚೀಟಿಯಲ್ಲಿ ಕೊಟ್ಟರೂ ಆಗುತ್ತದೆ. ಮುಟ್ಟಾಗಿರುವವರೂ ಬನ್ನಿ, ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ.

ಎಲ್ಲರಿಗೂ ಆರೋಗ್ಯ ಸಿಗಲಿ, ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ, ಜೈ ಭೀಮ್.