ತಣ್ಣೀರಿನಲ್ಲಿ ಮೀನು ಹಿಡಿಯುವ ಮುನ್ನ

'ಅಲ್ಲಿ ನದಿಯ ನೀರು ನಲವತ್ತು ಡಿಗ್ರಿ ಇರುತ್ತದಂತೆ ಡಾಕ್ಟ್ರೇ, ಮಗ ಫೋನಿನಲ್ಲಿ ಹೇಳಿದ. ಅಷ್ಟು ಬೆಚ್ಚಗಿದ್ದರೆ ಇಳಿಯಲು ಏನು ಭಯ?' ಡಿಸೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ಗೆ ಹೊರಟಿದ್ದ ನಿವೃತ್ತ ಮೇಷ್ಟ್ರೊಬ್ಬರು ಬಿ.ಪಿ. ತೋರಿಸಲು ಬಂದಾಗ ಹೀಗೆ ಕೇಳಿದರು. ಆ ನಲವತ್ತು ಫ್ಯಾರನ್‌ಹೀಟ್ ಲೆಕ್ಕ. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಅದು ಸುಮಾರು ನಾಲ್ಕೂವರೆ ಡಿಗ್ರಿ, ಅಂದರೆ ಫ್ರಿಜ್ಜಿನಲ್ಲಿಟ್ಟ ನೀರು! ಪಕ್ಕದಲ್ಲಿ ಕುಳಿತಿದ್ದ ಅವರ ಪತ್ನಿ, 'ಮಗ ಪ್ರತಿ ಭಾನುವಾರ ಅದರಲ್ಲೇ ನಿಲ್ಲುತ್ತಾನೆ. ಜಾರಿ ಬಿದ್ದರೆ ಗತಿಯೇನು?' ಎಂದರು. ಆ ತಾಯಿಯ ಪ್ರಶ್ನೆಗೆ ಉತ್ತರವೇ ಈ ವಾರದ ಅಂಕಣ.

ಗರಿ ಮತ್ತು ದಾರವನ್ನು ಗಾಳಕ್ಕೆ ಸುತ್ತಿ ಹುಳುವಿನಂತೆ ಕಾಣಿಸಿ, ಟ್ರೌಟ್ ಮೀನನ್ನು ಮರುಳು ಮಾಡಿ ಹಿಡಿಯುವ ಆಟಕ್ಕೆ ಫ್ಲೈ ಫಿಶಿಂಗ್ ಎನ್ನುತ್ತಾರೆ. ಹಿಮಾಚಲ ಪ್ರದೇಶದ ತೀರ್ಥನ್ ನದಿಯಲ್ಲೂ ಟ್ರೌಟ್ ಇದೆ. ಆದರೆ ಅದು ಮೊಟ್ಟೆಯಿಡುವ ಕಾಲವೆಂದು ಅಲ್ಲಿ ನವೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗೆ ಹಿಡಿಯುವಂತಿಲ್ಲ. ಕೊಲರಾಡೊದಲ್ಲಿ ಹಾಗಲ್ಲ. ಚೀಸ್‌ಮನ್ ಅಣೆಕಟ್ಟಿನ ಕೆಳಗಿನ ಸೌತ್ ಪ್ಲಾಟ್, ರೂಡೈ ಅಣೆಕಟ್ಟಿನ ಕೆಳಗಿನ ಫ್ರೈಯಿಂಗ್ ಪ್ಯಾನ್ ನದಿಗಳಲ್ಲಿ ಸುತ್ತ ಹಿಮ ಬಿದ್ದಿರುವಾಗಲೂ ಜನ ಗಾಳ ಹಾಕುತ್ತಾರೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಆದ್ದರಿಂದ ಜಲಾಶಯದ ಮೇಲೆ ಮಂಜುಗಡ್ಡೆ ತೇಲುತ್ತಿದ್ದರೂ ತಳದಲ್ಲಿ ಆ ಉಷ್ಣತೆಯ ನೀರೇ ನಿಂತಿರುತ್ತದೆ. ಅಣೆಕಟ್ಟಿನ ತಳದಿಂದ ಹೊರಬಿಟ್ಟ ಆ ನೀರು ಕೆಳಗೆ ಕೆಲವು ಮೈಲಿ ಹೆಪ್ಪುಗಟ್ಟುವುದಿಲ್ಲ.

ಟ್ರೌಟ್ ಶೀತರಕ್ತ ಪ್ರಾಣಿ. ಚಳಿಯಲ್ಲಿ ಅದರ ಜೀರ್ಣಕ್ರಿಯೆ ನಿಧಾನವಾಗುತ್ತದೆ. ಆಳವಾದ, ಸೆಳೆತ ಕಡಿಮೆಯಿರುವ ಮಡುವಿನಲ್ಲಿ ತೆಪ್ಪಗಿದ್ದು, ಬಾಯಿಯ ಮುಂದೆಯೇ ತೇಲಿಬಂದ ಸಣ್ಣ ನೊಣವನ್ನಷ್ಟೇ ತಿನ್ನುತ್ತದೆ. ಹಾಗಾಗಿ ಹಿಡಿಯುವವನೂ ಒಂದೇ ಕಡೆ ಅಲುಗಾಡದೆ ಗಂಟೆಗಟ್ಟಲೆ ನಿಲ್ಲಬೇಕು. ವೈದ್ಯನಾಗಿ ನನಗೆ ಚಿಂತೆಯಾಗುವುದು ಇಲ್ಲೇ. ನಡೆಯುವವನ ಸ್ನಾಯುಗಳು ಶಾಖ ಹುಟ್ಟಿಸುತ್ತವೆ. ನಿಂತವನಿಗೆ ಆ ಅನುಕೂಲವಿಲ್ಲ. ಜೊತೆಗೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ.

ಬಿದ್ದಾಗ ಆಗುವುದೇನು?

ತಣ್ಣೀರಿಗೆ ಬಿದ್ದವರು ಚಳಿಯಿಂದಲೇ ಸಾಯುತ್ತಾರೆಂದು ಅನೇಕರು ತಿಳಿದಿದ್ದಾರೆ. ಇದು ಪೂರ್ತಿ ನಿಜವಲ್ಲ. ದೊಡ್ಡ ಅಪಾಯ ಮೊದಲ ಒಂದು ನಿಮಿಷದ್ದು. ಚರ್ಮಕ್ಕೆ ತಟ್ಟನೆ ತಣ್ಣೀರು ತಾಗಿದರೆ ನಮಗರಿಯದೆಯೇ ಬಾಯಿ ತೆರೆದು ಉಸಿರು ಒಳಗೆಳೆದುಕೊಳ್ಳುತ್ತೇವೆ. ಆಗ ಮುಖ ನೀರಿನಲ್ಲಿದ್ದರೆ ಶ್ವಾಸಕೋಶಕ್ಕೆ ನೀರೇ ಹೋಗುತ್ತದೆ. ನಂತರ ಏದುಸಿರು, ಎದೆ ಬಡಿತ ಮತ್ತು ರಕ್ತದೊತ್ತಡ ಒಮ್ಮೆಲೇ ಏರುತ್ತವೆ. ಆ ಒಂದು ನಿಮಿಷ ತಲೆ ಮೇಲಿಟ್ಟುಕೊಂಡು ಉಸಿರನ್ನು ಹದಕ್ಕೆ ತಂದುಕೊಳ್ಳುವುದೊಂದೇ ಕೆಲಸ. ನಂತರ ಸುಮಾರು ಹತ್ತು ನಿಮಿಷ ಮಾತ್ರ ಕೈಕಾಲು ಹೇಳಿದಂತೆ ಕೇಳುತ್ತವೆ. ದಡ ಸೇರುವುದು ಅಷ್ಟರಲ್ಲೇ ಆಗಬೇಕು, ಏಕೆಂದರೆ ಆಮೇಲೆ ಹಗ್ಗ ಕೊಟ್ಟರೂ ಬೆರಳು ಹಿಡಿಯುವುದಿಲ್ಲ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುವ 'ಹೈಪೋಥರ್ಮಿಯ' ಸ್ಥಿತಿಗೆ ವಯಸ್ಕರಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬೇಕು.

ಈ ಮೀನುಗಾರರು ಎದೆಯವರೆಗೆ ಬರುವ, ನೀರು ಸೋರದ 'ವೇಡರ್' ಎಂಬ ಪ್ಯಾಂಟು ತೊಡುತ್ತಾರೆ. ಅದರಲ್ಲಿ ನೀರು ತುಂಬಿದರೆ ಕಲ್ಲು ಕಟ್ಟಿದಂತೆ ಮುಳುಗಿಸುತ್ತದೆ ಎಂಬುದು ತಪ್ಪು ಕಲ್ಪನೆ. ನೀರಿನೊಳಗೆ ನೀರಿಗೆ ಭಾರವಿಲ್ಲ. ಆದರೆ ಅದನ್ನು ತೊಟ್ಟು ಈಜುವುದು, ದಡ ಹತ್ತುವುದು ಬಹಳ ಕಷ್ಟ. ಸೊಂಟಕ್ಕೆ ಬಿಗಿಯಾಗಿ ಬೆಲ್ಟ್ ಕಟ್ಟಿದ್ದರೆ ನೀರು ಒಳನುಗ್ಗುವುದು ತಡವಾಗುತ್ತದೆ. ಬೆಲ್ಟ್ ಇಲ್ಲದೆ ನೀರಿಗಿಳಿಯುವುದನ್ನು ನಾನಂತೂ ಒಪ್ಪುವುದಿಲ್ಲ. ಒಳಗೆ ಉಣ್ಣೆಯ ಬಟ್ಟೆಯಿರಲಿ, ಹತ್ತಿ ಬೇಡ. ಒದ್ದೆ ಹತ್ತಿ ಮೈಯನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ಒಬ್ಬರೇ ಹೋಗುವುದೂ ಬೇಡ.

ಎತ್ತಿ ತಂದ ಮೇಲೆ

ಇಲ್ಲಿ ಪ್ರೀತಿಯಿಂದಲೇ ತಪ್ಪುಗಳಾಗುತ್ತವೆ. ಕೈಕಾಲು ಉಜ್ಜುವುದು, ಬ್ರಾಂದಿ ಕುಡಿಸುವುದು, ಎಬ್ಬಿಸಿ ಓಡಾಡಿಸುವುದು, ಮೂರೂ ಕೂಡದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಉಳಿದ ಶಾಖವನ್ನೂ ಹೊರಗೆ ಬಿಡುತ್ತದೆ. ತಣ್ಣಗಾದ ಹೃದಯ ಒರಟಾದ ಅಲುಗಾಟಕ್ಕೂ ಲಯ ತಪ್ಪಬಹುದು. ಅಡ್ಡಲಾಗಿ ಮಲಗಿಸಿ, ಒದ್ದೆ ಬಟ್ಟೆ ಬಿಚ್ಚಿ ಅಥವಾ ಕತ್ತರಿಸಿ ತೆಗೆಯಿರಿ. ಕೆಳಗೂ ಮೇಲೂ ಕಂಬಳಿ ಹಾಕಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ, ಕಂಕುಳಿಗೆ ಇಡಿ. ಪೂರ್ತಿ ಎಚ್ಚರವಿದ್ದರೆ ಮಾತ್ರ ಸಿಹಿಯಾದ ಬೆಚ್ಚಗಿನ ಪಾನೀಯ ಕೊಡಿ. ನಡುಕ ನಿಂತಿತೆಂದು ಸಮಾಧಾನಪಡಬೇಡಿ. ಮೈ ಬೆಚ್ಚಗಾಗದೆ, ಮಾತು ತೊದಲುತ್ತಾ ನಡುಕ ನಿಂತರೆ ಪರಿಸ್ಥಿತಿ ಕೆಟ್ಟಿದೆ ಎಂದೇ ಅರ್ಥ. ಕೂಡಲೇ ಆಂಬುಲೆನ್ಸ್ ಕರೆಸಿ; ಅಮೆರಿಕದಲ್ಲಿ ಅದಕ್ಕೆ 911.

ಉಸಿರು, ನಾಡಿ ಸಿಗಲಿಲ್ಲವೆಂದು ಕೈಚೆಲ್ಲಲೂಬಾರದು. 1999ರ ಮೇ ತಿಂಗಳಲ್ಲಿ ನಾರ್ವೆಯ ನಾರ್ವಿಕ್ ಬಳಿ ಸ್ಕೀಯಿಂಗ್ ಮಾಡುತ್ತಿದ್ದ ಯುವ ವೈದ್ಯೆ ಆನಾ ಬೋಗೆನ್‌ಹೋಮ್ ಬೆಟ್ಟದ ತೊರೆಗೆ ಬಿದ್ದು, ಮಂಜುಗಡ್ಡೆಯಡಿ 80 ನಿಮಿಷ ಸಿಕ್ಕಿಕೊಂಡಿದ್ದರು. ಆಸ್ಪತ್ರೆ ತಲುಪಿದಾಗ ಹೃದಯ ನಿಂತಿತ್ತು, ಮೈಯ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು. ದಾರಿಯುದ್ದಕ್ಕೂ ಎದೆ ಒತ್ತುತ್ತಾ ತಂದಿದ್ದರಿಂದ, ಟ್ರೊಮ್ಸೊ ಆಸ್ಪತ್ರೆಯ ವೈದ್ಯರು ಯಂತ್ರದ ಮೂಲಕ ರಕ್ತವನ್ನು ಬೆಚ್ಚಗೆ ಮಾಡಿದ್ದರಿಂದ ಅವರು ಬದುಕಿದರು. ಮುಂದೆ ಅದೇ ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಆದರು. ತಣ್ಣಗಾದ ಮೆದುಳಿಗೆ ಆಮ್ಲಜನಕ ಕಡಿಮೆ ಸಾಕು. ಇಂಥದ್ದು ಅಪರೂಪ, ಆದರೂ ಮೈ ಬೆಚ್ಚಗಾಗುವ ಮುನ್ನ ಸತ್ತರೆಂದು ತೀರ್ಮಾನಿಸುವಂತಿಲ್ಲ.

ಹೃದ್ರೋಗ, ಹತೋಟಿಯಲ್ಲಿಲ್ಲದ ಬಿ.ಪಿ. ಇರುವವರು ಈ ನೀರಿಗೆ ಇಳಿಯಲೇಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಚಳಿ ಏರುವುದೇ ತಿಳಿಯುವುದಿಲ್ಲ. ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಕೈಕಾಲು ಬೇಗ ತಣ್ಣಗಾಗುತ್ತವೆ. ನಮ್ಮ ಮೇಷ್ಟ್ರೂ ಅದನ್ನೇ ನುಂಗುತ್ತಿದ್ದಾರೆ. ಇನ್ನು ಗಾಳದ ವಿಷಯ: ಕಣ್ಣಿಗೆ ಕನ್ನಡಕವಿರಲಿ. ಕಣ್ಣಿಗೆ ಗಾಳ ಚುಚ್ಚಿದರೆ ಎಳೆಯದೆ ಹಾಗೇ ಆಸ್ಪತ್ರೆಗೆ ಹೋಗಬೇಕು.

ನೀರಿಗಿಳಿಯುವುದು ಬೇಡವೆಂದಾಗ ಮೇಷ್ಟ್ರ ಮುಖ ಬಾಡಿತು. ದಡದಲ್ಲಿ ಕಂಬಳಿ, ಒಣ ಬಟ್ಟೆ, ಕಾಫಿಯ ಫ್ಲಾಸ್ಕ್ ಇಟ್ಟುಕೊಂಡು ಮಗನ ಮೇಲೆ ಕಣ್ಣಿಡಲು ಒಬ್ಬರು ಬೇಕೇ ಬೇಕಲ್ಲ ಎಂದೆ. ಅವರ ಪತ್ನಿ ಚೀಲದಿಂದ ಪೆನ್ನು ತೆಗೆದು, ಕೊಳ್ಳಬೇಕಾದ ಸಾಮಾನಿನ ಪಟ್ಟಿಗೆ ಇನ್ನೆರಡು ಜೊತೆ ಉಣ್ಣೆಯ ಕಾಲುಚೀಲ ಸೇರಿಸಿಕೊಂಡರು.