ಒಂದಿಂಚು ಮಳೆ, ಒಂದು ಇಂಗ್ಲಿಷ್ ಮಾತು

ಮಾರ್ಚ್ ತಿಂಗಳ ಸಂಜೆ, ಮೂಡಿಗೆರೆ ಹತ್ತಿರದ ತೋಟದ ಮನೆಗೆ ಫೋನ್ ಬರುತ್ತದೆ. “ಗೌಡ್ರೇ, ಬಣಕಲ್ ಕಡೆ ಒಂದಿಂಚು ಹೊಡೀತು. ಮೋಡ ನಿಮ್ಮ ಕಡೆಗೇ ಬರ್ತಾ ಇದೆ.” ಈ ಮಾತು ಕೇಳಿ ಗೌಡರ ಮನಸ್ಸಿಗೆ ಆಗುವುದನ್ನು ಇಂಗ್ಲಿಷಿನವರು ಹೇಳುವುದು ಹೀಗೆ: ‘ದಟ್ಸ್ ಮ್ಯೂಸಿಕ್ ಟು ಮೈ ಇಯರ್ಸ್’. ಪದಕ್ಕೆ ಪದ ಇಟ್ಟರೆ, ‘ಅದು ನನ್ನ ಕಿವಿಗೆ ಸಂಗೀತ’. ಹಾಡಿಲ್ಲ, ರಾಗವಿಲ್ಲ. ಕಾಯುತ್ತಿದ್ದ ಸುದ್ದಿ ಬಂದಿದೆ.

ಈ ‘ಕಾಯುತ್ತಿದ್ದ’ ಎಂಬುದರಲ್ಲೇ ನುಡಿಗಟ್ಟಿನ ಜೀವವಿದೆ. ಬೇಸಿಗೆಯಲ್ಲಿ ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಸುಮ್ಮನೆ ನಿಂತಿರುತ್ತದೆ. ನೀರು ಬೀಳದೆ ಅರಳುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಸುಮಾರು 1 ಇಂಚು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಕಂಪು ಹಬ್ಬುತ್ತದೆ. ಎರಡು-ಮೂರು ವಾರದ ಮೇಲೆ ‘ಬ್ಯಾಕಿಂಗ್’ ಎನ್ನುವ ಎರಡನೇ ಮಳೆಯೂ ಬಂದರೆ ಕಾಯಿ ಕಚ್ಚಿ ನಿಲ್ಲುತ್ತದೆ. ಅರೆಬರೆ ಹನಿದು ಹೋದರೆ ಮೊಗ್ಗು ಕೆಡುತ್ತದೆ. ಸ್ಪ್ರಿಂಕ್ಲರ್, ಕೆರೆ ಇದ್ದವರು ರೊಬಸ್ಟಾ ಕಾಫಿಗೆ ನೀರು ಹಾರಿಸಿಕೊಳ್ಳುತ್ತಾರೆ. ಇಲ್ಲದವರು ಆಕಾಶ ನೋಡುತ್ತಾರೆ. ಅಂಥವರ ಕಿವಿಗೆ ಹೆಂಚಿನ ಮೇಲೆ ಬೀಳುವ ಮೊದಲ ಹನಿಯ ಸದ್ದು ಏನು ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದೇ ಸದ್ದು ಡಿಸೆಂಬರ್‌ನಲ್ಲಿ ಕೇಳಿದರೆ? ಕಣದಲ್ಲಿ ಕಾಫಿ ಒಣಗಲು ಹರಡಿದೆ, ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡುತ್ತಾರೆ. ಆಗ ಅದನ್ನು ಸಂಗೀತ ಅನ್ನುವವರಿಲ್ಲ. ಹಾಗಾಗಿ ಈ ಮಾತು ಕಾಯುತ್ತಿದ್ದ ಸುದ್ದಿಗೆ, ಇಂಪಾದ ದನಿಗೆಲ್ಲ ಹೊಂದುವುದಿಲ್ಲ. ‘ಆಕೆಯ ಹಾಡು ಚೆನ್ನಾಗಿದೆ’ ಎನ್ನಲು ಇದನ್ನು ಬಳಸಬೇಡಿ. ನನ್ನ ಇಂಗ್ಲಿಷ್ ತರಗತಿಗೆ ಹೊಸದಾಗಿ ಬಂದವರು ಮೊದಲು ಎಡವುವುದು ಇಲ್ಲೇ.

ನಮ್ಮಲ್ಲೂ ಇದರ ನೆಂಟ ಮಾತಿದೆ: ‘ನಿನ್ನ ಬಾಯಿಗೆ ಸಕ್ಕರೆ ಹಾಕ!’ ಇಂಗ್ಲಿಷಿನವರು ಕೇಳಿದವರ ಕಿವಿಯನ್ನು ನೆನೆದರೆ, ನಾವು ಸುದ್ದಿ ತಂದವರ ಬಾಯಿ ಸಿಹಿ ಮಾಡುತ್ತೇವೆ. ನನಗೆ ನಮ್ಮದೇ ಹೆಚ್ಚು ಪ್ರೀತಿ. ‘ಕಿವಿಗೆ ಅಮೃತ ಹೊಯ್ದಂತಾಯಿತು’ ಎಂಬುದು ಇಂಗ್ಲಿಷಿಗೆ ಇನ್ನೂ ಹತ್ತಿರ.

ವ್ಯಾಕರಣದ ವಿಷಯ ಸ್ವಲ್ಪವೇ. ‘ಮ್ಯೂಸಿಕ್’ ಹಿಂದೆ ‘ಎ’ ಬೇಡ, ಮುಂದೆ ‘ಎಸ್’ ಬೇಡ. ‘ಟು’ ಎಂದರೆ ನಮ್ಮ ‘ಕಿವಿಗೆ’ಯ ‘ಗೆ’. ಕೇಳಿದವರು ಬದಲಾದಂತೆ ‘ಮೈ’ ಹೋಗಿ ‘ಹಿಸ್’, ‘ಹರ್’, ‘ದೇರ್’ ಬರುತ್ತದೆ. ಇದು ಆಪ್ತ ಮಾತು. ಬ್ಯಾಂಕಿಗೋ ಕಾಫಿ ಬೋರ್ಡಿಗೋ ಬರೆಯುವ ಅರ್ಜಿಯಲ್ಲಿ ಬೇಡ. ಪಕ್ಕದ ತೋಟದವರ ನಷ್ಟದ ಸುದ್ದಿಗಂತೂ ಖಂಡಿತ ಬೇಡ. ವ್ಯಾಕರಣ ಸರಿಯಿದ್ದರೂ ಕೇಳಿದವರ ಮನಸ್ಸು ನೋಯುತ್ತದೆ.

ಈಗ ನೀವೇ ಒಂದು ವಾಕ್ಯ ಮಾಡಿ. ಜುಲೈ ತಿಂಗಳು, ಕಳಸದಲ್ಲಿ ಎಡೆಬಿಡದ ಮಳೆ. ಬೆಳಗಿನ ಜಾವ ಅಮ್ಮ ಕಂಬಳಿ ಸರಿಸಿ ಮಗಳಿಗೆ ಹೇಳುತ್ತಾಳೆ: “ಏಳಬೇಡ ಪುಟ್ಟಿ, ಇವತ್ತು ಶಾಲೆಗೆ ಮಳೆ ರಜೆ.” ಪುಟ್ಟಿ ಇಂಗ್ಲಿಷಿನಲ್ಲಿ ಏನು ಹೇಳಿಯಾಳು?